ಬ್ಲೂಟೂತಾ ವೈಫೈಯಾ ಆಮೇಲೆ, ಬೀಗ ಯಾರ ಹೆಸರಲ್ಲಿದೆ ಅದು ಮೊದಲು

ಗೋದಾಮಿನ ಕೀಪ್ಯಾಡ್ ಬೀಗದ ನಂಬರ್ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ, ಮೊಬೈಲ್‌ನಿಂದ ತೆಗೆಯುವ ಬೀಗ ಹಾಕಿಸಬೇಕು, ಬ್ಲೂಟೂತ್ ತಗೊಳ್ಳಲಾ ವೈಫೈ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳುತ್ತಾ ತಿರುಗಿದವನು.

ರಾಯಚೂರು ಗಂಜ್ ಹತ್ತಿರ ನಮ್ಮದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಅಂದರೆ ಅಡುಗೆಯದಲ್ಲ, ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯೋದು. ಮಾಲೆಲ್ಲ ಹಿಂದಿನ ಕೋಣೆಯಲ್ಲಿ. ಅದಕ್ಕೆ ಕೀಪ್ಯಾಡ್ ಬೀಗ ಇತ್ತು, ನಂಬರ್ ಮಗಳು ಹುಟ್ಟಿದ ವರ್ಷ. ಮೂರು ವರ್ಷಕ್ಕೆ ಆ ನಾಲ್ಕು ಬಟನ್ ಸವೆದು ಹೊಳೆಯುತ್ತಿದ್ದವು, ಉಳಿದವುಗಳ ಮೇಲೆ ಧೂಳು. ನಾಲ್ಕಂಕಿಯ ನಂಬರ್ 10,000 ಆಗುತ್ತವೆ, ಸರಿ. ಆದರೆ ಯಾವ ನಾಲ್ಕು ಅಂಕಿ ಅಂತ ಕಣ್ಣಿಗೇ ಕಂಡ ಮೇಲೆ ಉಳಿಯೋದು ಬರೀ 24. ಯಾವ ಹುಡುಗನಾದರೂ ಚಹಾ ಕುಡಿಯುತ್ತಾ ಒತ್ತಿ ನೋಡಬಹುದು. ಕೆಲಸ ಬಿಟ್ಟು ಹೋದ ಒಬ್ಬ ಹುಡುಗ ಒಂದಿನ ಬಂದು ಸೀದಾ ಬಾಗಿಲು ತೆಗೆದುಕೊಂಡು ತನ್ನ ಟಿಫಿನ್ ಡಬ್ಬಿ ಒಯ್ದ. ಡಬ್ಬಿಯನ್ನಷ್ಟೇ ಒಯ್ದ, ಪುಣ್ಯಾತ್ಮ. ಆವತ್ತೇ ಮೊಬೈಲ್ ಬೀಗ ತರಿಸಿದೆ.

ಈಗ ನನ್ನ ತಪ್ಪು ಕೇಳಿ. ಬೀಗ ಕೂಡಿಸಲು ಹುಡುಗ ಬಂದ ದಿನ ನನ್ನ ಫೋನ್ ಚಾರ್ಜ್ ಮುಗಿದು ಆಫ್ ಆಗಿತ್ತು. ಬೀಗವನ್ನು ಮೊದಲು ಯಾವ ಫೋನಿನ ಆ್ಯಪ್‌ಗೆ ಜೋಡಿಸುತ್ತಾರೋ ಆ ಖಾತೆಯೇ ಅದರ ಯಜಮಾನ. ಇದು ನನಗೆ ಗೊತ್ತಿರಲಿಲ್ಲ. ಅಕ್ಕನ ಮಗ ಅಲ್ಲೇ ಕೂತಿದ್ದ. 'ಮಾಮಾ, ಸದ್ಯಕ್ಕೆ ನನ್ನ ನಂಬರ್ ಕೊಡ್ತೀನಿ, ಆಮೇಲೆ ನಿಮಗೆ ಕಳಿಸಿದರಾಯ್ತು' ಅಂದ. ಸಂಜೆ ಕಳಿಸಿದ ಕೂಡ. ನನ್ನ ಫೋನಲ್ಲಿ ಬಾಗಿಲು ತೆರೆಯಿತು, ನಾನು ಖುಷಿ. ಆದರೆ ಅವನು ಕಳಿಸಿದ್ದು ಯಜಮಾನಿಕೆ ಅಲ್ಲ, ಬರೀ ಬಾಗಿಲು ತೆಗೆಯುವ ಅನುಮತಿ, ಅದೂ ಒಂದು ವರ್ಷದ್ದು. ಆ್ಯಪ್ ಎಷ್ಟು ದಿನಕ್ಕೆ ಅಂತ ಕೇಳಿದೆ, ಇವನು ಸುಮ್ನೆ ಒಂದು ವರ್ಷ ಅಂತ ಒತ್ತಿದ್ದಾನೆ. ಅಂದರೆ ನನ್ನ ಅಂಗಡಿ, ನನ್ನ ದುಡ್ಡಿನ ಬೀಗ, ಅದರಲ್ಲಿ ನಾನು ಒಂದು ವರ್ಷದ ಅತಿಥಿ. ಬೇರೆಯವರಿಗೆ ಅನುಮತಿ ಕೊಡುವುದು, ತೆಗೆಯುವುದು, ಸೆಲ್ ಮುಗಿಯುತ್ತಾ ಬಂತು ಅನ್ನುವ ಸೂಚನೆ, ಎಲ್ಲ ಅವನ ಫೋನಿಗೆ. ಅವನೋ ಎರಡು ತಿಂಗಳಾದ ಮೇಲೆ ಹೈದರಾಬಾದಿಗೆ ಕೆಲಸಕ್ಕೆ ಹೋದ.

ಬೀಗ ಹಾಕಿಸಿದ್ದು ಮಿರಗದ, ಅಂದರೆ ಮೃಗಶಿರಾ ಮಳೆಯ ಹೊತ್ತಿಗೆ, ಹಾಗಾಗಿ ವರ್ಷ ಮುಗಿದದ್ದೂ ಮಿರಗಕ್ಕೇ. ಹಿಂದಿನ ರಾತ್ರಿ ಒಳ್ಳೆ ಮಳೆ. ಬೆಳಗ್ಗೆ ಏಳಕ್ಕೇ ಹತ್ತಿ ಬೀಜಕ್ಕೆ ಮೂವತ್ತು ನಲವತ್ತು ಜನ ನಿಂತಿದ್ದಾರೆ, ನಾನು ಫೋನ್ ಹಿಡಿದರೆ ಅವಧಿ ಮುಗಿದಿದೆ ಅಂತ ಬರುತ್ತಿದೆ. ಅಕ್ಕನ ಮಗ ಅಲ್ಲಿ ರಾತ್ರಿ ಪಾಳಿ ಮುಗಿಸಿ ಫೋನ್ ಆಫ್ ಮಾಡಿ ಮಲಗಿದ್ದಾನೆ. ಬೀಗದ ಜೊತೆ ಎರಡು ಕಬ್ಬಿಣದ ಕೀಲಿ ಬಂದಿದ್ದವು, ಅವು ಪೆಟ್ಟಿಗೆ ಸಮೇತ ಅದೇ ಕೋಣೆಯೊಳಗೆ! ಒಂಬತ್ತೂವರೆಗೆ ಬಡಿಗೇರರನ್ನು ಕರೆಸಿ ಬಾಗಿಲು ಒಡೆಸಿದೆ. ಅಷ್ಟರಲ್ಲಿ ಅರ್ಧ ಜನ ಎದುರಿನ ಅಂಗಡಿಯಲ್ಲಿ ಬೀಜ ತಗೊಂಡು ಹೋಗಿದ್ದರು. ಬೀಜ ಅಲ್ಲಿ ತಗೊಂಡವರು ಗೊಬ್ಬರ, ಎಣ್ಣೆಯನ್ನೂ ಅಲ್ಲೇ ತಗೊಳ್ಳುತ್ತಾರೆ. ಬಾಗಿಲಿನ ಖರ್ಚು ಅದರ ಮುಂದೆ ಏನೂ ಅಲ್ಲ.

ಇನ್ನು ನಿಮ್ಮ ಮಾತಿಗೆ ಬಂದರೆ, ನಿಮಗೆ ಫೋನ್ ಬೀಗವೇ ಬೇಕಾ ಅನ್ನೋದೇ ನನಗೆ ಅನುಮಾನ. ನಿಮ್ಮ ತೊಂದರೆ ಎಲ್ಲರಿಗೂ ಒಂದೇ ನಂಬರ್ ಇರೋದು. ಒಬ್ಬೊಬ್ಬರಿಗೆ ಬೇರೆ ನಂಬರ್ ಕೊಡುವ ಕೀಪ್ಯಾಡ್ ಬೀಗಗಳೂ ಸಿಗುತ್ತವೆ, ಹೋದವನ ನಂಬರ್ ಅಳಿಸಿದರಾಯಿತು. ನಮ್ಮ ಹಮಾಲರ ಹತ್ತಿರ ಇರೋದು ಕೀಪ್ಯಾಡ್ ಫೋನ್. ಬೀಗ ಸ್ಮಾರ್ಟ್ ಆದ ಮೇಲೆ ಒಂದೊಂದು ಚೀಲಕ್ಕೂ ನಾನೇ ಎದ್ದು ಹೋಗಬೇಕಾಯಿತು. ಈಗ ನಾನು ಇಟ್ಟುಕೊಂಡಿರೋದು ಎರಡೂ ಇರುವಂಥದ್ದು. ಹಮಾಲರಿಗೆ ನಂಬರ್, ನನಗೆ ಆ್ಯಪ್, ಯಾರು ಎಷ್ಟು ಹೊತ್ತಿಗೆ ತೆಗೆದರು ಅಂತ ಅದರಲ್ಲಿ ನೋಡ್ತೀನಿ.

ಬ್ಲೂಟೂತ್ ಸಾಕು. ವೈಫೈ ಬೀಗ ಸೆಲ್ ಜಾಸ್ತಿ ತಿನ್ನುತ್ತದೆ, ಕರೆಂಟ್ ಹೋದರೆ ರೂಟರ್ ಕೂಡ ಹೋಗುತ್ತದೆ. ಪಕ್ಕದ ಶಕ್ತಿನಗರದ್ದು 1,720 ಮೆಗಾವಾಟ್ ಸ್ಥಾವರ, ಆದರೂ ಗಾಳಿ ಬೀಸಿದರೆ ನಮ್ಮಲ್ಲಿ ಕತ್ತಲೆ. ರೀಚಾರ್ಜ್ ಆಗುವ ಸೆಲ್ ಹಾಕಬೇಡಿ, ಅವು ಸಾಮಾನ್ಯವಾಗಿ 1.2 ವೋಲ್ಟ್, ಇಂಥ ಬೀಗಕ್ಕೆ ಹೆಚ್ಚಾಗಿ ಬೇಕಾದದ್ದು 1.5ರ ಆಲ್ಕಲೈನ್. ಸೆಲ್ ಸತ್ತರೆ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ತಾಗಿಸಲು ಕೆಳಗೆ ಎರಡು ಚುಕ್ಕೆ ಇರುವಂಥದ್ದನ್ನೇ ತಗೊಳ್ಳಿ. ನನ್ನ ಗಲ್ಲೆಯಲ್ಲಿ ಈಗ ಅಂಥ ಒಂದು ಬ್ಯಾಟರಿ ಸದಾ ಇರುತ್ತದೆ. ಕೀಲಿ ಒಂದು ಮನೆಯಲ್ಲಿ ಅವ್ವನ ದೇವರ ಜಗಲಿ ಮೇಲೆ, ಇನ್ನೊಂದು ಪಕ್ಕದ ಅಂಗಡಿಯ ಅಣ್ಣನ ಹತ್ತಿರ.

ಮತ್ತೆ, ಬೀಗ ಕೂಡಿಸಲು ಬರುವ ದಿನ ಬೆಳಗ್ಗೆಯೇ ನಿಮ್ಮ ಫೋನ್ ಪೂರ್ತಿ ಚಾರ್ಜ್ ಮಾಡಿ ಇಟ್ಟುಕೊಳ್ಳಿ.