96 ಫ್ರೇಮಿಗೆ 89 ಕೀ

(ಗುರುತು ಸಿಗದಂತೆ ಊರು, ವಯಸ್ಸು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆತನ ಒಪ್ಪಿಗೆಯಿದೆ.)

ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದವನು 25ರ ಹುಡುಗ. ಹಾವೇರಿ ಕಡೆಯವನು, ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಏಳು ತಿಂಗಳಿಂದ ಜೂನಿಯರ್. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಭಾನುವಾರ ಸಂಜೆಯಾದರೆ ಎದೆ ಡವಡವ. "ಕೆಲಸ ಬಿಟ್‌ಬಿಡ್ತೀನ್ರೀ ಮೇಡಂ, ನನಗ ಅನಿಮೇಷನ್ ಬರೂದಿಲ್ಲ" ಎಂದು ಕೂತ ಎರಡನೇ ನಿಮಿಷಕ್ಕೇ ಹೇಳಿದ. ಇಂಥ ಮಾತನ್ನು ನಾನು ಹಾಗೇ ನಂಬುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ತೋರಿಸಿ ಎಂದೆ. ಮುಂದಿನ ವಾರ ಲ್ಯಾಪ್‌ಟಾಪ್ ಹೊತ್ತು ತಂದ.

ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶ ತೆರೆದ. ಅಜ್ಜಿಯೊಬ್ಬಳು ಬಗ್ಗಿ ನೀರಿನ ಕೊಡ ಎತ್ತಿ ಸೊಂಟಕ್ಕೇರಿಸುವ ಶಾಟ್. ನಾಲ್ಕು ಸೆಕೆಂಡು, ಸೆಕೆಂಡಿಗೆ 24ರಂತೆ 96 ಫ್ರೇಮು, ಅಂದರೆ 96 ಬಿಡಿ ಚಿತ್ರ. ಕೀಫ್ರೇಮ್ ಹಾಕಿದ ಕಡೆಯೆಲ್ಲ ಕೆಳಗಿನ ಟೈಮ್‌ಲೈನಿನಲ್ಲಿ ಪುಟ್ಟ ಹರಳಿನಂಥ ಗುರುತು ಬೀಳುತ್ತದೆ. ಇವನದರಲ್ಲಿ ಅವು ಸರಕ್ಕೆ ಪೋಣಿಸಿದ ಮಣಿಗಳ ಹಾಗೆ ಒತ್ತೊತ್ತಾಗಿದ್ದವು. ಎಣಿಸಿದೆವು: 89. ಪ್ಲೇ ಒತ್ತಿದರೆ ಅಜ್ಜಿ ಚಳಿಜ್ವರ ಬಂದವಳ ಹಾಗೆ ಮೈಯೆಲ್ಲ ನಡುಗುತ್ತ ಬಗ್ಗಿದಳು.

ಕೀಫ್ರೇಮ್ ಹಾಕುವುದೆಂದರೆ ಈ ಫ್ರೇಮಿನಲ್ಲಿ ಕೈ ಇಲ್ಲಿರಲಿ, ಆ ಫ್ರೇಮಿನಲ್ಲಿ ಅಲ್ಲಿರಲಿ ಎಂದು ಕಂಪ್ಯೂಟರಿಗೆ ಹೇಳಿಡುವುದು. ನಡುವಿನದನ್ನು ತಂತ್ರಾಂಶ ತುಂಬಿಕೊಳ್ಳುತ್ತದೆ. ಕಾಗದದ ಮೇಲೆ ಬರೆಯುತ್ತಿದ್ದ ಕಾಲದಲ್ಲೂ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನಷ್ಟೇ ಬರೆದು, ಉಳಿದದ್ದನ್ನು ಇನ್‌ಬಿಟ್ವೀನರ್ ಎನಿಸಿಕೊಂಡ ಕಿರಿಯರಿಗೆ ಬಿಡುತ್ತಿದ್ದರಂತೆ. ಫ್ರೇಮಿಗೊಂದು ಕೀ ಹಾಕಿದರೆ ತುಂಬಲು ಜಾಗವೇ ಇರುವುದಿಲ್ಲ. ಒಂದು ಕೀಗೂ ಪಕ್ಕದ ಕೀಗೂ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರಿನಲ್ಲಿ ಆ ಗೆರೆ ಗರಗಸದ ಹಲ್ಲಾಗುತ್ತದೆ, ಅಜ್ಜಿ ನಡುಗುತ್ತಾಳೆ. ಇಷ್ಟನ್ನೂ ನನಗೆ ಬಿಡಿಸಿ ಹೇಳಿದವನು ಅವನೇ. ಅನಿಮೇಷನ್ ಬರುವುದಿಲ್ಲ ಎಂದವನು!

"ಇಷ್ಟು ಗೊತ್ತಿದ್ದೂ ಯಾಕೆ ಹಾಕ್ತೀರಿ?"

ಸೇರಿದ ಹೊಸದರಲ್ಲಿ ಲೀಡ್, ಅಂದರೆ ತಂಡದ ಮುಖ್ಯಸ್ಥರು, ಬೆನ್ನ ಹಿಂದೆ ನಿಂತು, ಶಾಟನ್ನು ಒಂದು ಫ್ರೇಮಿನಲ್ಲಿ ತಡೆದು, "ಬೆರಳು ಕೊಡದೊಳಗೆ ಹೋಗಿದೆ, ಕಣ್ಣು ಕಾಣಲ್ವಾ?" ಎಂದಿದ್ದರಂತೆ, ಎಲ್ಲರೆದುರು. ಅಂದಿನಿಂದ ಎಲ್ಲಿ ತಡೆದು ನೋಡಿದರೂ ತಪ್ಪು ಸಿಗಬಾರದೆಂದು ಒಂದೊಂದು ಫ್ರೇಮನ್ನೂ ತಿದ್ದುತ್ತ ರಾತ್ರಿ ಹನ್ನೆರಡಾಗುತ್ತದೆ. ಡೆಡ್‌ಲೈನ್ ಮುಗಿಯುವ ತನಕ ಯಾರಿಗೂ ತೋರಿಸುವುದಿಲ್ಲ. ತೋರಿಸಿದಾಗ ಪೂರ್ತಿ ತಿರುಗಿ ಮಾಡು ಎನ್ನುತ್ತಾರೆ. ಮತ್ತೆ ಭಯ, ಮತ್ತಷ್ಟು ಕೀ.

ಗೀಳು ಕಾಯಿಲೆ ಇರಬಹುದೇ ಎಂದು ವಿಚಾರಿಸಿದೆ. ಬೀಗ, ಗ್ಯಾಸು, ಕೈ ತೊಳೆಯುವುದು, ಎಲ್ಲೂ ಆ ಲಕ್ಷಣ ಕಾಣಲಿಲ್ಲ. ಅರೆಬರೆ ಕೆಲಸವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸುವ ಭಯ ಇದು. 'ಬದುಕೂ ಹೀಗೇ ಅಲ್ಲವೇ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನಿದ್ದೆಗೆಟ್ಟವನಿಗೆ ಪ್ರವಚನ ಯಾಕೆ?

ಮನೆಯ ವಿಷಯ ಕೇಳಿದೆ. ತಂದೆ ಟೈಲರ್. ಮದುವೆ ಕೋಟು ಹೊಲಿಯುವಾಗ ಮೊದಲೇನು ಮಾಡುತ್ತಾರೆ?

"ಕಚ್ಚಾ ಹೊಲಿಗಿ ಹಾಕಿ ಟ್ರಯಲ್ ಕೊಡ್ತಾರ್ರೀ."

"ಅದನ್ನ ಹಾಕ್ಕೊಂಡು ನೋಡಿ, ಇದೇನು ಹೊಲಿಗೆ ಅಂತ ಗಿರಾಕಿ ಬೈತಾನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಬ್ಲಾಕಿಂಗೂ ಅದ ಅಲ್ರೀ ಮೇಡಂ."

ಬ್ಲಾಕಿಂಗ್ ಅಂದರೆ ಶಾಟಿನ ಕಚ್ಚಾ ಹಂತ, ಅದರಲ್ಲಿ ಮುಖ್ಯ ಭಂಗಿಗಳಿಗಷ್ಟೇ ಕೀ. ಇಂಟರ್‌ಪೊಲೇಷನ್ನನ್ನು, ಅಂದರೆ ನಡುವಿನದನ್ನು ತುಂಬುವ ಬಗೆಯನ್ನು, ಕಾನ್‌ಸ್ಟಂಟ್‌ಗೆ ಇಟ್ಟರೆ ಬೊಂಬೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಟಕ್ಕನೆ ಜಿಗಿಯುತ್ತದೆ. ಕೆಲಸ ಇನ್ನೂ ಮುಗಿದಿಲ್ಲವೆಂದು ನೋಡಿದವರಿಗೆಲ್ಲ ತಿಳಿಯುವುದರಿಂದ ಆ ಹಂತದಲ್ಲಿ ಯಾರೂ ಬೆರಳಿನ ತಪ್ಪು ಹುಡುಕುವುದಿಲ್ಲ.

ಸಲಹೆ ಅಲ್ಲಿಂದಲೇ ಹುಟ್ಟಿತು. ಶಾಟ್ ಮುಟ್ಟುವ ಮುನ್ನ ಎಷ್ಟು ಕೀ ಎಂದು ಚೀಟಿಯಲ್ಲಿ ಬರೆಯಬೇಕು. ಕೊಡದ ಶಾಟಿಗೆ ಅವನೇ ಒಂಬತ್ತು ಎಂದ: ನಿಂತದ್ದು, ಬಗ್ಗಿದ್ದು, ಕೊಡದ ಕಂಠಕ್ಕೆ ಕೈ ಹಾಕಿದ್ದು, ಭಾರಕ್ಕೆ ಹೆಗಲು ಜಗ್ಗಿದ್ದು... ಜಗ್ಗುವುದನ್ನು ಕುರ್ಚಿಯಿಂದೆದ್ದು ಮಾಡಿಯೇ ತೋರಿಸಿದ. ಥೇಟ್ ಅಜ್ಜಿ. ಆ ಒಂಬತ್ತು ಕೀಯ ಬ್ಲಾಕಿಂಗನ್ನು ಮೊದಲ ದಿನ ಸಂಜೆ ನಾಲ್ಕಕ್ಕೇ ಲೀಡ್‌ಗೆ ತೋರಿಸಬೇಕು. "ಸರ್, ಬ್ಲಾಕಿಂಗ್ ಅಷ್ಟೇ ಆಗಿದೆ, ಭಾರ ಸರಿ ಕಾಣ್ತಾ ನೋಡಿ" ಎಂಬ ಮಾತನ್ನು ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ರಾತ್ರಿ ಎಂಟರ ಮೇಲೆ ಫೈಲ್ ತೆರೆಯುವಂತಿಲ್ಲ. ಮೂರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರಲ್ಲಿಗೆ ಕಳಿಸುತ್ತೇನೆ, ನಡುರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ. ಎಲ್ಲರ ಮುಂದೆ ಹಾಗೆ ಅಂದದ್ದು ಲೀಡ್‌ನ ತಪ್ಪು ಎಂದೂ ಹೇಳಿದೆ. ಅದನ್ನು ಯಾರಾದರೂ ಹೇಳಲೇಬೇಕಿತ್ತು.

ಮೂರನೇ ಭೇಟಿಗೆ ಬಂದವನ ಮುಖ ಬಾಡಿತ್ತು. "ಒಂಬತ್ತ ಹಾಕಿದ್ದೆ ಮೇಡಂ, ಮೂವತ್ತೊಂದಾಗ್ಯಾವ." ನೋಡಿದರೆ ಟೈಮ್‌ಲೈನಿನ ಆಟೋ ಕೀಯಿಂಗ್ ಗುಂಡಿ ಆನ್ ಆಗೇ ಇತ್ತು. ಅದು ಆನ್ ಇದ್ದಾಗ ಬೊಂಬೆಯ ಕೈಕಾಲು ಸುಮ್ಮನೆ ಅಲುಗಿಸಿದರೂ ಕೀ ತಾನಾಗಿ ಬೀಳುತ್ತದೆ. ತಳಮಳದಲ್ಲಿ ಮುಟ್ಟಿದ್ದನ್ನೆಲ್ಲ ಅದು ಶಾನುಭೋಗನ ಹಾಗೆ ಬರೆದಿಟ್ಟಿತ್ತು! ಇಬ್ಬರೂ ನಕ್ಕೆವು. ಆಫ್ ಮಾಡಿದ. ಇನ್ನು ಪ್ರತಿ ಕೀಗೂ ಅವನೇ ಕೀಬೋರ್ಡಿನ 'ಐ' ಒತ್ತಬೇಕು. ಒತ್ತುವ ಮುನ್ನ ಕೈ ಒಂದು ಕ್ಷಣ ತಡೆಯುತ್ತದಲ್ಲ, ನನಗೆ ಬೇಕಿದ್ದುದೂ ಅಷ್ಟೇ.

ಐದನೇ ಭೇಟಿಯಲ್ಲಿ ವರದಿ ಒಪ್ಪಿಸಿದ. ಭಾರ ಚೆನ್ನಾಗಿ ಬಂದಿದೆ, ಎಡಗಾಲು ಮಾತ್ರ ಜಾಗ ಬಿಟ್ಟಿದೆ ಎಂದರಂತೆ ಲೀಡ್. "ಬಿಟ್ಟಿತ್ತ್ರೀ, ಖರೇನ" ಎಂದ. ಸರಿಮಾಡಲು ಹತ್ತು ನಿಮಿಷ ಹಿಡಿಯಿತಂತೆ. ಈಗ ತಿಂಗಳಿಗೊಮ್ಮೆ ಬರುತ್ತಾನೆ.