‘ಬ್ಲ್ಯಾಂಕೆಟಿ ಬ್ಲ್ಯಾಂಕ್’ ಅನ್ನುವ ಬ್ರಿಟಿಷ್ ಟಿವಿ ಆಟ ಹೇಗೆ ಶುರುವಾಯಿತು? ಅದನ್ನು ಆಡುವುದು ಹೇಗೆ?

ಇದರ ಮೂಲ ಅಮೆರಿಕದ ‘ಮ್ಯಾಚ್ ಗೇಮ್’. ಬಿಬಿಸಿ 1979ರಲ್ಲಿ ಇದನ್ನು ಶುರು ಮಾಡಿತು.

ಆಟ ತುಂಬಾ ಸರಳ. ಆರು ಜನ ಸೆಲೆಬ್ರಿಟಿಗಳು ಎರಡು ಸಾಲಿನಲ್ಲಿ ಕೂತಿರುತ್ತಾರೆ. ನಿರೂಪಕರು ಒಂದು ಪದ ಬಿಟ್ಟು ವಾಕ್ಯ ಓದುತ್ತಾರೆ. ಸೆಲೆಬ್ರಿಟಿಗಳು ತಮಗೆ ತೋಚಿದ ಪದವನ್ನು ಕಾರ್ಡಿನಲ್ಲಿ ಗುಟ್ಟಾಗಿ ಬರೆಯುತ್ತಾರೆ. ಆಮೇಲೆ ಸ್ಪರ್ಧಿ ತನ್ನ ಪದ ಹೇಳಬೇಕು. ಎಷ್ಟು ಕಾರ್ಡಿಗೆ ಅದು ಹೊಂದುತ್ತದೋ ಅಷ್ಟು ಅಂಕ. ಇಲ್ಲಿ ‘ಸರಿ ಉತ್ತರ’ ಅಂತ ಒಂದು ಇಲ್ಲವೇ ಇಲ್ಲ, ಬೇರೆಯವರ ತಲೆಯಲ್ಲಿ ಏನು ಓಡುತ್ತಿದೆ ಅಂತ ಊಹಿಸಬೇಕು. ಕ್ವಿಜ್‌ಗಿಂತ ಇದು ನನಗೆ ಜಾಸ್ತಿ ಇಷ್ಟವಾಗುವುದು ಅದಕ್ಕೇ.

ಗೆದ್ದವರಿಗೆ ‘ಸೂಪರ್‌ಮ್ಯಾಚ್’ ಸುತ್ತು. ಅಲ್ಲಿ ವಾಕ್ಯದ ಬದಲು ಒಂದು ಚಿಕ್ಕ ಪದಗುಚ್ಛ ಇರುತ್ತದೆ. ಪ್ರೇಕ್ಷಕರು ಹೆಚ್ಚಾಗಿ ಕೊಟ್ಟ ಮೂರು ಉತ್ತರಗಳಲ್ಲಿ ಒಂದನ್ನು ಹೇಳಬೇಕು, ಸೆಲೆಬ್ರಿಟಿಗಳ ಸಲಹೆ ಕೇಳಬಹುದು.

ಮೊದಲ ನಿರೂಪಕರು ಟೆರ‍್ರಿ ವೋಗನ್. ಅವರ ಉದ್ದನೆಯ ತೆಳು ಮೈಕ್ ಆಗ ಬಹಳ ಹೆಸರುವಾಸಿ. 1984ರಿಂದ 1990ರವರೆಗೆ ಲೆಸ್ ಡಾಸನ್ ನಡೆಸಿದರು. ಬಹುಮಾನಗಳು ಸಾಧಾರಣ ಅಂತ ಅವರೇ ಕಾರ್ಯಕ್ರಮದಲ್ಲಿ ಛೇಡಿಸುತ್ತಿದ್ದರು. ಸೋತವರಿಗೆ ಸಿಗುತ್ತಿದ್ದ ಚೆಕ್‌ಬುಕ್ ಮತ್ತು ಪೆನ್ನಿನ ಟ್ರೋಫಿಯನ್ನಂತೂ ಬ್ರಿಟನ್ನಿನ ಜನ ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. 1997ರಲ್ಲಿ ಪಾಲ್ ಒ'ಗ್ರೇಡಿ ‘ಲಿಲಿ ಸ್ಯಾವೇಜ್’ ಅನ್ನುವ ಹೆಣ್ಣಿನ ವೇಷದಲ್ಲಿ ನಿರೂಪಕರಾಗಿ ಬಂದರು. ಈಚೆಗೆ ಬ್ರ್ಯಾಡ್ಲಿ ವಾಲ್ಶ್ ನಡೆಸುತ್ತಿದ್ದಾರೆ.