ಅರ್ಧ ಕೆಜಿ ಡ್ರೋನ್ ಮೋಟಾರನ್ನ ಮೇವು ಕತ್ತರಿಸೋ ಮಷಿನ್‌ಗೆ ಹಾಕ್ಬಹುದಾ?

ಅರ್ಧ ಕೆಜಿ ಬ್ರಷ್‌ಲೆಸ್ ಮೋಟಾರ್ ಮೇಲೆ 2200 ವ್ಯಾಟ್ ಅಂತ ಬರ್ದಿದೆ, ಅಂದ್ರೆ 3 ಎಚ್‌ಪಿ ಆಯ್ತು, ಮತ್ಯಾಕೆ 25-30 ಕೆಜಿ ಮೋಟಾರ್ ತಗೋಬೇಕು ಅಂತ ಕೇಳಿದೀರ. ದಯವಿಟ್ಟು ಹಾಕ್ಬೇಡಿ. ನಾನು ರೀವೈಂಡಿಂಗ್ ಕೆಲ್ಸ ಮಾಡೋನು, ಎರಡೂ ಥರದ್ದು ಬಿಚ್ಚಿ ನೋಡಿದೀನಿ.

ಆ ದೊಡ್ಡ 3 ಎಚ್‌ಪಿ ಇಂಡಕ್ಷನ್ ಮೋಟಾರ್ 1440 ಆರ್‌ಪಿಎಂ ಹತ್ರ ತಿರುಗುತ್ತೆ, ಶಾಫ್ಟಲ್ಲಿ ಸುಮಾರು 14.5 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಗಿಸೋ ಬಲ, ಸಿಗುತ್ತೆ. 270 ಕೆವಿ ಡ್ರೋನ್ ಮೋಟಾರ್, ಅಂದ್ರೆ ಒಂದು ವೋಲ್ಟಿಗೆ ನಿಮಿಷಕ್ಕೆ 270 ಸುತ್ತು, 24 ವೋಲ್ಟ್ ಕೊಟ್ರೆ 6500 ತಿರುಗುತ್ತೆ ನಿಜ, ಆದ್ರೆ ಒಂದು ಆಂಪ್‌ಗೆ ಸಿಗೋ ಟಾರ್ಕ್ 0.035 ನ್ಯೂಟನ್ ಮೀಟರ್ ಅಷ್ಟೇ. ಬೆಲ್ಟ್ ಹಾಕಿ ಸ್ಪೀಡ್ ಇಳ್ಸಿ ಟಾರ್ಕ್ ಏರಿಸ್ಕೋತೀನಿ ಅಂತೀರ, ಸರಿ, ಆಗ್ಲೂ ಅದು 100 ಆಂಪ್ ಎಳೀಲೇಬೇಕು, ವೈಂಡಿಂಗ್ ರೆಸಿಸ್ಟೆನ್ಸ್ 20 ಮಿಲಿ ಓಮ್ ಅಂತಿಟ್ಕೊಂಡ್ರೂ ಒಳಗೆ 200 ವ್ಯಾಟ್ ಬರೀ ಬಿಸಿ, ಮುಷ್ಟಿಯಷ್ಟು ಜಾಗದಲ್ಲಿ 25 ವ್ಯಾಟಿನ ಎಂಟು ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಡ್ರೋನಲ್ಲಿ ಪ್ರೊಪೆಲ್ಲರ್ ಗಾಳಿ ಸೀದಾ ತಾಮ್ರದ ಮೇಲೇ ಬೀಸುತ್ತೆ, ಫುಲ್ ಪವರ್ ಬೇಕಾಗೋದೂ ಸ್ವಲ್ಪ ಹೊತ್ತು ಮಾತ್ರ. ಮೇವಿನ ಮಷಿನಲ್ಲಿ ಗಾಳಿ ಎಲ್ಲಿಂದ ಬರ್ಬೇಕು, ಬರೋದು ಹುಲ್ಲಿನ ಧೂಳು.

ಇದೇ ಥರ ಗ್ರೈಂಡರಿಗೆ ಹಾಕಿದ್ದ ಒಂದು ಮೋಟಾರ್ ನಮ್ಮಂಗಡಿಗೆ ಬಂದಿತ್ತು. ಬಿಚ್ಚಿದ್ರೆ ವಾರ್ನಿಶ್ ಸುಟ್ಟ ವಾಸನೆ, ತಂತಿ ಕರ‍್ರಗೆ, ಅಂಟು ಬಿಟ್ಟ ಒಂದು ಮ್ಯಾಗ್ನೆಟ್ ಸ್ಟೇಟರಿಗೆ, ಅಂದ್ರೆ ತಂತಿ ಸುತ್ತಿರೋ ತಿರುಗದ ಭಾಗಕ್ಕೆ, ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ಮಾಮೂಲಿ ನಿಯೋಡಿಮಿಯಮ್ ಮ್ಯಾಗ್ನೆಟ್ 80 ಡಿಗ್ರಿ ದಾಟಿದ್ರೆ ಶಕ್ತಿ ಕಳ್ಕೊಳ್ಳೋಕೆ ಶುರು ಮಾಡುತ್ತೆ, ಹೀಗೆ ಹೋಗಿದ್ದು ತಣ್ಣಗಾದ್ಮೇಲೂ ಪೂರ್ತಿ ವಾಪಸ್ ಬರಲ್ಲ.

ದೊಡ್ಡ ಮೋಟಾರಿನ ರೋಟರಲ್ಲಿ, ಅಂದ್ರೆ ತಿರುಗೋ ಭಾಗದಲ್ಲಿ, ಮ್ಯಾಗ್ನೆಟ್ಟೇ ಇಲ್ಲ, ಎರಕ ಹೊಯ್ದ ಅಲ್ಯೂಮಿನಿಯಮ್ ಕಂಬಿಗಳು. ಬಾಡಿ ಪೂರ್ತಿ ಮುಚ್ಚಿರುತ್ತೆ, ಹಿಂದೆ ಫ್ಯಾನು, ಮೇಲೆಲ್ಲ ಫಿನ್ನು, ಕ್ಲಾಸ್ ಎಫ್ ಆದ್ರೆ ಇನ್ಸುಲೇಷನ್ 155 ಡಿಗ್ರಿ ತಡಿಯುತ್ತೆ. ಆ ತೂಕ ಇರೋದೇ ಇದಕ್ಕೆ.

ಹಾಗಂತ ಡ್ರೋನ್ ಮೋಟಾರ್ ಕಳಪೆ ಅಂತಲ್ಲ. 14 ಪೋಲ್ (ಮ್ಯಾಗ್ನೆಟ್ ಧ್ರುವ) ಇದ್ದು 6500 ತಿರುಗಿದ್ರೆ ಫ್ರೀಕ್ವೆನ್ಸಿ 750 ಹರ್ಟ್ಸ್ ಮುಟ್ಟುತ್ತೆ, ಅಷ್ಟಕ್ಕೆ ಕಬ್ಬಿಣ ಬಿಸಿಯಾಗ್ದಿರ್ಲಿ ಅಂತ್ಲೇ ಅಲ್ಲಿ ಸ್ಟೇಟರಿಗೆ 0.2 ಮಿಮೀ ತಗಡು ಹಾಕ್ತಾರೆ, 50 ಹರ್ಟ್ಸ್ ಮೋಟಾರಿಗೆ ಅಗ್ಗದ 0.5 ಮಿಮೀ ಸಾಕು. ಗ್ರಾಂ ಲೆಕ್ಕದಲ್ಲಿ ತೂಕ ಉಳಿಸಿ ಮಾಡಿರೋ ಆ ಕೆಲ್ಸ ನೋಡಿದ್ರೆ ನಂಗೆ ನಿಜವಾಗ್ಲೂ ಖುಷಿಯಾಗುತ್ತೆ.

ತಗೊಳ್ಳೋವಾಗ ನೇಮ್‌ಪ್ಲೇಟಲ್ಲಿ ಡ್ಯೂಟಿ ಎಸ್1 ಇದೆಯಾ ನೋಡಿ, ಅಂದ್ರೆ ಬರ್ದಿರೋ ಲೋಡಲ್ಲಿ ನಿಲ್ಲಿಸ್ದೆ ಓಡಿಸ್ಬಹುದು. ಎರಡು ಮೂರು ಹಸುವಿಗಾದ್ರೆ 2 ಎಚ್‌ಪಿ ಸಿಂಗಲ್ ಫೇಸೇ ಸಾಕಾಗುತ್ತೆ. ಎಷ್ಟು ದನ ಇದಾವೆ, ಮನೆಗೆ ಯಾವ ಫೇಸ್ ಬರುತ್ತೆ ಹೇಳಿ, ಪುಲ್ಲಿ ಸೈಜ್ ಲೆಕ್ಕ ಹಾಕ್ಕೊಡ್ತೀನಿ.